ಅಲೆಯ ಜಾಡು ತೋರಿದ ಹರ್ಟ್ಸ್

ಅಡಗಿಸಿಟ್ಟ ಟ್ರಾನ್ಸ್‌ಮಿಟರನ್ನು ಅಲೆಯ ದಿಕ್ಕು ಹಿಡಿದು ಹುಡುಕುವ ಆಟಕ್ಕೆ ಹ್ಯಾಮ್ ಹವ್ಯಾಸಿಗಳು ನರಿಬೇಟೆ ಎನ್ನುತ್ತಾರೆ. ಇದರ ಬೇರು ಹೈನ್‌ರಿಚ್ ಹರ್ಟ್ಸ್ ಅವರ ಪ್ರಯೋಗಶಾಲೆಯಲ್ಲಿದೆ.

1857ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ವಕೀಲರ ಮಗನಾಗಿ ಜನಿಸಿದ ಇವರು, ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ ಒಂದೆಡೆ ವಿದ್ಯುತ್ ಕಿಡಿ ಹಾರಿಸಿ, ದೂರದಲ್ಲಿ ತಂತಿಯ ಬಳೆ ಹಿಡಿದು ನಿಂತರು. ಬಳೆಯ ಸಂದಿನಲ್ಲಿಯೂ ಕಿಡಿ ಮಿನುಗಿತು. ಬಳೆ ತಿರುಗಿಸಲು ಮಾಯವಾಯಿತು! ಮ್ಯಾಕ್ಸ್‌ವೆಲ್ಲರು ಗಣಿತದಲ್ಲಿ ಕಂಡಿದ್ದ ಅಲೆ 1888ರ ಹೊತ್ತಿಗೆ ಹೀಗೆ ಸಿದ್ಧವಾಯಿತು.

ತಿಕೋಟಾದಲ್ಲಿ ಟ್ರಾನ್ಸ್‌ಮಿಟರ್ ಅಡಗಿದೆಯೆನ್ನಿ. ವಿಜಯಪುರದಲ್ಲೊಬ್ಬರು, ಬಬಲೇಶ್ವರದಲ್ಲೊಬ್ಬರು ಬಳೆ ತಿರುಗಿಸಿ, ದನಿ ಕುಂದಿದಾಗ ಬಳೆಗೆ ಅಡ್ಡಲಾಗಿ ನಕಾಶೆಯ ಮೇಲೆ ಗೆರೆ ಎಳೆದರೆ ಸಾಕು. ಗೆರೆಗಳೆರಡೂ ಕೂಡುವುದು ತಿಕೋಟಾದಲ್ಲೇ.

ಇದಾವುದನ್ನೂ ಹರ್ಟ್ಸ್ ಕಾಣಲಿಲ್ಲ. 1894ರ ಜನವರಿ 1ರಂದು, 36ನೆಯ ವಯಸ್ಸಿನಲ್ಲಿ, ಪತ್ನಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಅಗಲಿ ಬಾನ್ ನಗರದಲ್ಲಿ ತೀರಿಕೊಂಡರು.