ಉತ್ತನೂರಿನ ಶ್ರೀ ಗೋಪಾಲದಾಸರು

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ನಡಿಗಡ್ಡೆಯು ಎರಡು ನುಡಿಗಳ ನೆಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ನಮ್ಮ ಉಂಡವಳ್ಳಿಯಂತೆ ಇಂದು ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿರುವ ಉತ್ತನೂರು, ಹರಿದಾಸಶ್ರೇಷ್ಠರಾದ ಶ್ರೀ ಗೋಪಾಲದಾಸರು ನೆಲಸಿ ಹಾಡಿದ ಪುಣ್ಯಸ್ಥಳವು.

ದಾಸರು 1721ರಲ್ಲಿ ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಜನಿಸಿದರು. ತಂದೆ ಮುರಾರಿರಾಯರು, ತಾಯಿ ವೆಂಕಮ್ಮನವರು. ಪೂರ್ವಾಶ್ರಮದ ಹೆಸರು ಭಾಗಣ್ಣ. ತಂದೆಯು ಬೇಗನೆ ತೀರಿಕೊಳ್ಳಲು, ಜ್ಞಾತಿಗಳು ಹೊಲಮನೆಗಳನ್ನು ಕಸಿದುಕೊಂಡರು. ತಾಯಿಯು ನಾಲ್ವರು ಮಕ್ಕಳೊಡನೆ ಸಂಕಾಪುರವನ್ನು ಸೇರಿದಳು. ಶಾಸ್ತ್ರವ್ಯಾಸಂಗದ ಸೌಕರ್ಯವಿಲ್ಲದ ಬಾಲಕನಿಗೆ ಗಾಯತ್ರೀಜಪವೇ ವಿದ್ಯೆಯಾಯಿತು. ಜಪಸಿದ್ಧಿಯಿಂದ ಭಾಗಣ್ಣನು ಜನರಿಗೆ ಭವಿಷ್ಯವನ್ನು ನುಡಿಯತೊಡಗಿದನೆಂದು ಪ್ರತೀತಿ.

ಶ್ರೀ ವಿಜಯದಾಸರು ಗೋಪಾಲವಿಠಲನೆಂಬ ಅಂಕಿತವನ್ನಿತ್ತ ಮೇಲೆ ಬಾಳು ತಿರುಗಿತು. ಪರರ ಭವಿಷ್ಯವನ್ನು ಹೇಳುತ್ತಿದ್ದವರು ತಮ್ಮ ತಪ್ಪುಗಳನ್ನು ಹರಿಯ ಮುಂದೆ ಹೇಳಿಕೊಳ್ಳುವವರಾದರು. ಪುರಂದರದಾಸರಿಂದ ಬಂದ ಹಾಡಿನ ಹಾದಿ, ಮಧ್ವಮತದ ತತ್ತ್ವ, ಮನೆಮಾತಿನ ಕನ್ನಡ ಇವು ಮೂರೂ ಅವರಲ್ಲಿ ಕೂಡಿದವು. ಕೀರ್ತನೆಯಲ್ಲಿ ಮೊರೆ, ತಾಳದ ಕಟ್ಟಿಲ್ಲದ ಉಗಾಭೋಗದಲ್ಲಿ ಮನಸ್ಸಿನ ಮಾತು, ನುಡಿನುಡಿಗೂ ತಾಳ ಬದಲಾಗಿ ಕಡೆಗೆ ಜತೆಯಲ್ಲಿ ಮುಗಿಯುವ ಸುಳಾದಿಯಲ್ಲಿ ತತ್ತ್ವವಿಚಾರ. ವಿಜಯದಾಸರ ಭಾವಚಿತ್ರವನ್ನು ಬರೆದವರೂ ಇವರೇ ಎಂದು ಸಂಪ್ರದಾಯವು ಹೇಳುತ್ತದೆ. ತಮ್ಮಂದಿರು ಮೂವರೂ ಅಂಕಿತ ಪಡೆದು ಹಾಡಿದುದರಿಂದ ಮನೆಯೇ ಪಾಠಶಾಲೆಯಾಯಿತು.

ಮಾನವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯಗರ್ವದಿಂದ ವಿಜಯದಾಸರನ್ನು ಅಲಕ್ಷಿಸಿ, ಹೊಟ್ಟೆಶೂಲೆಗೆ ಗುರಿಯಾದರಂತೆ. ವಿಜಯದಾಸರು ಅವರನ್ನು ಉತ್ತನೂರಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಹಾಡಿನಿಂದ ಬೇಡಿ, ಜೋಳದ ರೊಟ್ಟಿಯನ್ನು ಉಣಿಸಿ, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನೇ ಧಾರೆಯೆರೆದರೆಂದು ಭಕ್ತರು ನಂಬುತ್ತಾರೆ. ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು, 1809ರವರೆಗೆ ಬಾಳಿದರು. ಗೋಪಾಲದಾಸರಾದರೋ 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ಹರಿಪಾದವನ್ನು ಸೇರಿದರು. ಶಾಲೆಯನ್ನು ಕಾಣದವರ ಮುಂದೆ ಮಹಾಪಂಡಿತನು ಕೈಮುಗಿದು ನಿಂತುದು ಭಕ್ತಿಯ ಮಹಿಮೆಯಲ್ಲವೆ!

ಪುಷ್ಯ ಬಹುಳ ಅಷ್ಟಮಿಯು ದಾಸರ ಆರಾಧನೆಯ ದಿನ. ಗುಡಿಯ ಗೋಡೆಯನ್ನು ಶಿಲ್ಪಿಗಳು ಮತ್ತೆ ಕಟ್ಟಬಲ್ಲರು. ಮರೆತ ಹಾಡನ್ನು ಕಟ್ಟುವವರಾರು? ಆ ದಿನ ದಾಸರ ಒಂದು ಕೀರ್ತನೆಯನ್ನಾದರೂ ಮನೆಯ ಮಕ್ಕಳಿಗೆ ಕಲಿಸೋಣ. ಅದೂ ಜೀರ್ಣೋದ್ಧಾರವೇ.