ಭಾನುವಾರದ ಆಟ

ಎರಿಕ್ ಲಿಡೆಲ್ ಜನಿಸಿದ್ದು 1902ರಲ್ಲಿ, ಚೀನಾದ ತಿಯೆನ್‌ತ್ಸಿನ್ ನಗರದಲ್ಲಿ. ತಂದೆತಾಯಿಗಳು ಸ್ಕಾಟ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿದ್ದಿತು. ಅದು ದೇವರ ದಿನವೆಂದು ನಂಬಿದ್ದ ಲಿಡೆಲ್ ಆ ಓಟವನ್ನೇ ಬಿಟ್ಟುಕೊಟ್ಟರು. 400 ಮೀಟರ್ ಓಟದಲ್ಲಿ 47.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗಳಿಸಿದರು. ಮರುವರ್ಷ ಚೀನಾಕ್ಕೆ ಮರಳಿ ಉಪಾಧ್ಯಾಯರಾದರು.

ಎರಡನೆಯ ಮಹಾಯುದ್ಧದಲ್ಲಿ ಶತ್ರುದೇಶದ ಪ್ರಜೆಗಳನ್ನೆಲ್ಲ ಜಪಾನೀಯರು ಸೆರೆಹಿಡಿದಾಗ, 1943ರಲ್ಲಿ ಲಿಡೆಲ್ ವೈಶಿಯೆನ್ ಶಿಬಿರವನ್ನು ಸೇರಬೇಕಾಯಿತು. ಗೋಡೆಯೊಳಗೆ ಸುಮಾರು 1,500 ಜನ. ತಂದೆತಾಯಿಗಳಿಂದ ಅಗಲಿದ ಶಾಲಾಮಕ್ಕಳೂ ಅನೇಕರು. ಅರೆಹೊಟ್ಟೆಯ ಆ ಮಕ್ಕಳಿಗೆ ಅವರು ಪಾಠ ಹೇಳಿದರು, ಓಟದ ಪಂದ್ಯ ಏರ್ಪಡಿಸಿದರು, ಹಾಕಿ ಆಡಿಸಿದರು. ಮುರಿದ ಹಾಕಿ ಕೋಲುಗಳಿಗೆ ಹಾಸಿಗೆಯ ಬಟ್ಟೆ ಹರಿದು ಸುತ್ತಿ ಸರಿಪಡಿಸಿಕೊಟ್ಟರು. ಭಾನುವಾರ ಮಾತ್ರ ಆಟವಿಲ್ಲ. ಮಕ್ಕಳು ಕೇಳಬೇಕಲ್ಲ! ಒಂದು ಭಾನುವಾರ ತಾವೇ ಆಡಹೊರಟರು. ತೀರ್ಪುಗಾರರಿಲ್ಲದ ಆಟ ಬಡಿದಾಟದಲ್ಲಿ ಮುಗಿಯಿತು. ಅನಂತರ ಭಾನುವಾರವೂ ಲಿಡೆಲ್ಲರೇ ತೀರ್ಪುಗಾರರಾಗಿ ನಿಂತರು. ಒಲಿಂಪಿಕ್ ಪದಕಕ್ಕಾಗಿ ಸಡಿಲಿಸದಿದ್ದ ವ್ರತವನ್ನು ಈ ಮಕ್ಕಳಿಗಾಗಿ ಸಡಿಲಿಸಿದ್ದರು.

1945ರ ಫೆಬ್ರವರಿ 21ರಂದು ಅವರು ಮಿದುಳಿನ ಗಡ್ಡೆಯಿಂದ ಶಿಬಿರದಲ್ಲಿಯೇ ತೀರಿಕೊಂಡರು. ಕೆನಡಾದಲ್ಲಿದ್ದ ಹೆಂಡತಿ ಮಕ್ಕಳನ್ನು ಮತ್ತೆ ಕಾಣಲಾಗಲಿಲ್ಲ. ಶಿಬಿರಕ್ಕೆ ಬಿಡುಗಡೆ ದೊರೆತದ್ದು ಅದೇ ವರ್ಷದ ಆಗಸ್ಟ್ 17ರಂದು.