ವಿಠ್ಠಲ ವಿಹಾರದ ವಾಣಿ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರನ್ನು ನಾಡು ಇಂದು ನೆನೆಯುವುದು ಬಾನುಲಿಯ ಕಾರಣದಿಂದ. ಅದು ನ್ಯಾಯವೇ. ಆದರೆ ಅವರ ವಿದ್ವತ್ತು ಇದರಿಂದ ತುಸು ಮರೆಯಾಗಿದೆಯೆಂದು ನನ್ನ ಭಾವನೆ. ಲಂಡನಿನಲ್ಲಿ ಸ್ಪಿಯರ್‌ಮನ್ನರಂಥ ಗುರುವಿನ ಬಳಿ ಕಲಿತು ಬಂದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಕಲ್ಕತ್ತೆಯನ್ನು ಬಿಟ್ಟರೆ ಈ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಮೊದಲು ನೆಲೆ ದೊರೆತದ್ದು ಅಲ್ಲಿಯೇ.

ಮನಸ್ಸಿನ ವ್ಯಾಪಾರವನ್ನು ಅಳೆಯುವವರಿಗೆ ಯಂತ್ರದ ಗೊಡವೆ ಏಕೆ ಬೇಕಾಯಿತು? ಓದು ಬಾರದ ಜನರೇ ಹೆಚ್ಚಾಗಿದ್ದ ಕಾಲದಲ್ಲಿ, ಕಿವಿಯೇ ಅವರ ಪಾಠಶಾಲೆಯೆಂಬುದನ್ನು ಶಿಕ್ಷಣದ ಮರ್ಮ ಬಲ್ಲವರು ಕಾಣದೆ ಇರಲಾರರು ಎಂದು ನಾನು ಊಹಿಸುತ್ತೇನೆ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿಯೇ ಅವರು ಪ್ರಸಾರವನ್ನು ಆರಂಭಿಸಿದರು. ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವಾಟ್!

ಈ 30 ವಾಟ್ ಎಂದರೆ ಎಷ್ಟು? ನಾನಿರುವ ಗೌನಿಪಲ್ಲಿಯಲ್ಲಿ ವಿದ್ಯುತ್ತಿನ ಹುಚ್ಚು ಹಿಡಿದ ಹುಡುಗರು ಅಷ್ಟೇ ಶಕ್ತಿಯ ಧ್ವನಿವರ್ಧಕವನ್ನು ಮನೆಯಲ್ಲಿಯೇ ಬೆಸುಗೆ ಹಾಕಿ ಮಾಡುತ್ತಾರೆ; ಗಣೇಶನ ಚಪ್ಪರದಲ್ಲಿಟ್ಟರೆ ಒಂದು ಬೀದಿಗೆ ಕೇಳಿಸುತ್ತದೆ. ಮೈಕಿನಿಂದ ಹೊರಡುವ ಕ್ಷೀಣ ವಿದ್ಯುತ್ತನ್ನು ಹಂತಹಂತವಾಗಿ ಹಿಗ್ಗಿಸಬೇಕು. ಕಡೆಯ ಹಂತದಲ್ಲಿ ಸ್ಪೀಕರಿನ ಪರದೆಯನ್ನು ನೂಕುವಷ್ಟು ಬಲ ಬರಬೇಕು. ಒದಗಿಸುವ ವಿದ್ಯುತ್ತು ಶುದ್ಧವಾಗಿರದಿದ್ದರೆ ಹಾಡಿನ ಹಿಂದೆ ಜೇನುಗೂಡಿನ ಗುಂಯ್‌ಗಾರ ಬೇರೆ. ಬಾನುಲಿಯಲ್ಲಿಯೂ ಧ್ವನಿಯನ್ನು ಹೀಗೆಯೇ ಹಿಗ್ಗಿಸಬೇಕು. ಆದರೆ ಅಲ್ಲಿ ಅದನ್ನು ಸ್ಪೀಕರಿಗೆ ಕೊಡದೆ, ರೇಡಿಯೋ ಅಲೆಯ ಮೇಲೆ ಹೇರಿ ಕಳುಹಿಸುತ್ತಾರೆ. ಬೀದಿಯ ತುದಿಯಲ್ಲಿ ಸೋಲುವ ಶಕ್ತಿ ಆಗ ಊರನ್ನೇ ದಾಟುತ್ತದೆ.

ಯಂತ್ರವನ್ನು ಕೂಡಿಸಿದ ಮಾತ್ರಕ್ಕೆ ನಿಲಯವಾಗದು. ಹಾಡುವವರು ಬೇಕು, ಮಾತನಾಡುವವರು ಬೇಕು, ದಿನ ತಪ್ಪದ ಖರ್ಚು ಬೇಕು. ಸಂಬಳದ ಮೇಲೆ ಬದುಕುವ ಮೇಷ್ಟರ ಮನೆ ಎಷ್ಟನ್ನು ತಾಳೀತು? ಮುಂದೆ 250 ವಾಟ್‌ನ ಪ್ರೇಷಕ ಬಂದಿತು. ಹೊಣೆಯೂ ಅದರೊಡನೆ ಹಿಗ್ಗಿತು. 1940ರ ದಶಕದ ಆರಂಭದಲ್ಲಿ ನಿಲಯವು ಅವರ ಕೈಬಿಟ್ಟು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. ತನ್ನ ಹಜಾರದಲ್ಲಿ ಬೆಳೆದುದನ್ನು ಸರಕಾರದ ಕಡತಕ್ಕೆ ಒಪ್ಪಿಸುವುದು ಸುಲಭವಲ್ಲ. ಒಪ್ಪಿಸದಿದ್ದರೆ ಅದು ಉಳಿಯುತ್ತಿತ್ತೇ ಎಂಬುದೂ ಸಂದೇಹವೇ.

ಹೆಸರಿನ ವಿಷಯದಲ್ಲಿ ಎರಡು ಮಾತಿದೆ. ಆಕಾಶವಾಣಿ ಎಂಬ ಪದವನ್ನು ನಿಲಯಕ್ಕೆ ಇಟ್ಟವರು ಗೋಪಾಲಸ್ವಾಮಿಯವರೆಂದು ಕೆಲವರು, ಅಲ್ಲಿ ಅವರಿಗೆ ನೆರವಾದ ಹಾಸ್ಯಸಾಹಿತಿ ನಾ. ಕಸ್ತೂರಿಯವರೆಂದು ಕೆಲವರು. ಹಳೆಯ ಪದಕ್ಕೆ ಹೊಸ ಕೆಲಸ ಹಚ್ಚಿದ ಈ ಜಾಣ್ಮೆ ಕನ್ನಡ ಮೇಷ್ಟರಾದ ನನಗೆ ಯಂತ್ರಕ್ಕಿಂತ ಹೆಚ್ಚಿನ ಬೆರಗು.

1950ರಲ್ಲಿ ನಿಲಯವು ಕೇಂದ್ರ ಸರಕಾರದ ವಶವಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. ಹೆಸರು ದೆಹಲಿಯವರೆಗೂ ನಡೆಯಿತು. 2023ರಲ್ಲಿ ಪ್ರಸಾರ ಭಾರತಿಯು ಆಲ್ ಇಂಡಿಯಾ ರೇಡಿಯೋ ಎಂಬುದನ್ನು ಕೈಬಿಟ್ಟು, ವಿಠ್ಠಲ ವಿಹಾರದಲ್ಲಿ ಬಳಕೆಗೆ ಬಂದ ಆ ಹೆಸರನ್ನೊಂದೇ ಉಳಿಸಿಕೊಂಡಿತು.